ಕಣ್ಣು ಕುಕ್ಕುವ ವೆಬ್ ಪುಟ ಕಲೆಯಾದ ಬಗೆ

ಕಪ್ಪು ಆಕಾಶದ ತುಂಬ ಮಿನುಗುವ ನಕ್ಷತ್ರ, ಮೇಲೆ ಗಿಳಿಹಸಿರು ಅಕ್ಷರ, ಮೂಲೆಯಲ್ಲಿ ಗಿರಗಿರ ತಿರುಗುವ ಲಕೋಟೆ, ತಳದಲ್ಲಿ ಗುದ್ದಲಿ ಹಿಡಿದ ಪುಟ್ಟ ಕೆಲಸಗಾರ. 1997ರಲ್ಲಿ ಇದು ಯಾರೋ ಹೆಮ್ಮೆಯಿಂದ ಕಟ್ಟಿದ ಹೋಮ್ ಪೇಜ್. ಈಗ ಕಂಡರೆ ಅದು ಡಿಸೈನ್ ಕಲಿತವರು ಬೇಕೆಂದೇ ಮಾಡಿದ ವ್ಯಂಗ್ಯದ ಕಲೆ. ಮುಂಬೈಯಲ್ಲಿ ಕೂತು ಕನ್ನಡದಲ್ಲಿ ಇಂಥದ್ದಕ್ಕೆ ಕೈಹಾಕುವವರು ಒಂದು ವಿಷಯ ತಿಳಿದಿರಬೇಕು: ಆ ಅಬ್ಬರ ಅಭಿರುಚಿ ಇಲ್ಲದವರ ಕೆಲಸವಲ್ಲ, ಬಹುಮಟ್ಟಿಗೆ ಲೆಕ್ಕಾಚಾರದ ಫಲ.

28.8 ಕಿಲೋಬಿಟ್ ಮೋಡೆಮ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 3.6 ಕಿಲೋಬೈಟ್ ಇಳಿಯುತ್ತಿತ್ತು. 100 ಕಿಲೋಬೈಟ್‌ನ ಒಂದು ಫೋಟೋಗೆ ಅರ್ಧ ನಿಮಿಷ ಕಾಯಬೇಕು. ಅದೇ 2 ಕಿಲೋಬೈಟ್‌ನ ನಕ್ಷತ್ರದ ತುಂಡಾದರೆ ಕ್ಷಣದಲ್ಲಿ ಬರುತ್ತದೆ, ಮುಂದೆ ಬ್ರೌಸರೇ ಅದನ್ನು ಹೆಂಚಿನಂತೆ ಹಾಸಿ ಪುಟ ತುಂಬಿಸುತ್ತದೆ. ಬಣ್ಣದ್ದೂ ಹಾಗೆಯೇ. ಆಗಿನ ಎಷ್ಟೋ ಪರದೆಗಳು ಒಮ್ಮೆಗೆ 256 ಬಣ್ಣ ಮಾತ್ರ ತೋರಿಸುತ್ತಿದ್ದವು. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಬಣ್ಣ ಬೇಕೆಂದರೆ ಕೆಂಪು, ಹಸಿರು, ನೀಲಿ ತಲಾ 6 ಮಟ್ಟ, ಒಟ್ಟು 216. ನಡುವಿನ ಮೃದುವಾದ ಛಾಯೆ ಹಾಕಿದರೆ ಪರದೆಯ ಮೇಲೆ ಚುಕ್ಕಿ ಚುಕ್ಕಿ. ಹೀಗಾಗಿ ಕಡುಗುಲಾಬಿ, ಕಡುನೀಲಿಗಳೇ ಗೆದ್ದವು.

ಅಮೆರಿಕದ ಆನ್‌ಲೈನ್ ಸೇವೆ ಕಂಪ್ಯೂಸರ್ವ್ 1987ರಲ್ಲಿ ತಂದ ಜಿಫ್ ಎಂಬ ಚಿತ್ರ ಮಾದರಿಗೆ 1989ರ ಪರಿಷ್ಕರಣೆಯಲ್ಲಿ ಪಾರದರ್ಶಕತೆ ಸೇರಿತು, ಚೌಕಟ್ಟುಗಳ ನಡುವಿನ ವಿಳಂಬವೂ ಸೇರಿತು. ಅದನ್ನು ಮುಗಿಯದ ಸುತ್ತಾಗಿ ಓಡಿಸಿದ್ದು ಆಗಿನ ಬ್ರೌಸರ್ ನೆಟ್‌ಸ್ಕೇಪ್ 2.0. 1994ರಲ್ಲಿ ಶುರುವಾದ ಜಿಯೋಸಿಟೀಸ್ ಜನಸಾಮಾನ್ಯರಿಗೆ ಪುಕ್ಕಟೆ ಜಾಗ ಕೊಟ್ಟಿತು. ಹಾಲಿವುಡ್, ಟೋಕಿಯೋ ಎಂಬ ಬಡಾವಣೆಗಳಲ್ಲಿ ಮನೆ ನಂಬರಿನಂಥ ವಿಳಾಸ. 1999ರಲ್ಲಿ ಯಾಹೂ ಅದನ್ನು ಕೊಂಡಿತು.

ಪುಟವನ್ನೇ ಕೆಡಿಸಿ ಕಲೆ ಮಾಡುವವರು ಆಗಲೇ ಇದ್ದರು. ಯೋಆನ್ ಹೇಮ್ಸ್‌ಕರ್ಕ್ ಮತ್ತು ಡಿರ್ಕ್ ಪಾಸ್ಮನ್ಸ್ ಅವರ 'ಜೋಡಿ' ಎಂಬ ಹೆಸರಿನ ಕಲಾ ತಂಡ 1995ರಲ್ಲಿ ಇಟ್ಟ ಪುಟ ತೆರೆದರೆ ಕಪ್ಪಿನ ಮೇಲೆ ಹಸಿರು ಚಿಹ್ನೆಗಳ ರಾಶಿ, ತಲೆಬುಡ ತಿಳಿಯದು. ಪುಟದ ಹಿಂದಿನ ಮೂಲ ಬರಹ, ಅಂದರೆ ಸೋರ್ಸ್, ತೆರೆದವರಿಗೆ ಮಾತ್ರ ಅದೇ ಚಿಹ್ನೆಗಳಲ್ಲಿ ಬಿಡಿಸಿದ ಹೈಡ್ರೋಜನ್ ಬಾಂಬಿನ ನಕ್ಷೆ ಸಿಗುತ್ತಿತ್ತು. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಸಾಲುಮುರಿತವನ್ನೂ ಎಷ್ಟೇ ಖಾಲಿ ಜಾಗವನ್ನೂ ಒಂದೇ ಸ್ಪೇಸ್ ಆಗಿ ಕುಗ್ಗಿಸುತ್ತದೆ. ಜಾಗವನ್ನು ಇದ್ದಂತೆ ಉಳಿಸುವ 'ಪ್ರಿ' ಟ್ಯಾಗ್ ಹಾಕದಿದ್ದರೆ ನಕ್ಷೆ ಕುಸಿಯುತ್ತದೆ. ಇಡೀ ಕೃತಿಯ ಗುಟ್ಟು ಇಷ್ಟೇ.

ಆಗಿನ ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ ಭಾರತದಲ್ಲಿ ಇಂಟರ್ನೆಟ್ ಸಾರ್ವಜನಿಕರಿಗೆ ತೆರೆದದ್ದೂ ಅದೇ ವರ್ಷ ಆಗಸ್ಟ್ 15ರಂದು. ಮೊದಲ ನಗರಗಳಲ್ಲಿ ಮುಂಬೈ ಒಂದು. ವಿದ್ಯಾರ್ಥಿಗಳಿಗೆ ಎಟುಕುತ್ತಿದ್ದ ಶೆಲ್ ಖಾತೆಯಲ್ಲಿ ಬರೀ ಅಕ್ಷರ, ಚಿತ್ರವೇ ಇಲ್ಲ. ಜಗತ್ತು ಮಿನುಗುತ್ತಿದ್ದಾಗ ಇಲ್ಲಿನ ಎಷ್ಟೋ ಹುಡುಗರು ನೋಡಿದ್ದು ಸಪ್ಪೆ ಕಪ್ಪು ಪರದೆ.

ಕನ್ನಡದ ಪಾಡು ಇನ್ನೂ ಸ್ವಾರಸ್ಯ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ಅವರ 'ವಿಶ್ವಕನ್ನಡ' 1996ರಲ್ಲೇ ಜಾಲಕ್ಕೆ ಬಂತು. ಅಕ್ಷರ ತೋರಿಸುವುದೇ ಆಗ ದೊಡ್ಡ ತಲೆನೋವು. ಬರಹ, ನುಡಿಯಂಥ ತಂತ್ರಾಂಶಗಳ ಫಾಂಟ್‌ಗಳಲ್ಲಿ ಕನ್ನಡದ ತುಣುಕುಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿದ್ದವು. ಓದುಗರ ಬಳಿ ಆ ಫಾಂಟ್ ಇಲ್ಲದಿದ್ದರೆ 'ಕನ್ನಡ' ಎಂಬಲ್ಲಿ ಒಂದು ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಎಸ್ಸೆಟ್, ಕ್ಯೂ, ಇನ್ನೊಂದು ಗೀಟಿನ ಎ. ಜೋಡಿಯವರು ತಲೆ ಓಡಿಸಿ ಮಾಡಿದ ಗೋಜಲು ನಮ್ಮಲ್ಲಿ ದಿನಾ ಪುಕ್ಕಟೆ ಆಗುತ್ತಿತ್ತು! ಉಪಾಯವೆಂದು ಶೀರ್ಷಿಕೆಗಳನ್ನು ಜಿಫ್ ಚಿತ್ರವಾಗಿಸಿ ಅಂಟಿಸಿದರು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದ ಮೇಲೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯುನಿಕೋಡ್ ಮೆಲ್ಲಗೆ ಬೇರೂರಿತು.

ಮುಂಬೈ ಕಲಾವಿದೆ ಶಿಲ್ಪಾ ಗುಪ್ತಾ 2003ರಲ್ಲಿ ಬ್ರಿಟನ್ನಿನ ಟೇಟ್ ಸಂಸ್ಥೆಗಾಗಿ 'ಬ್ಲೆಸ್ಡ್ ಬ್ಯಾಂಡ್‌ವಿಡ್ತ್' ಮಾಡಿದರು. ನೆಟ್‌ವರ್ಕ್ ಕೇಬಲ್ಲನ್ನೇ ಬೇರೆ ಬೇರೆ ಧರ್ಮದ ಪೂಜಾಸ್ಥಳಗಳಿಗೆ ಒಯ್ದು ಆಶೀರ್ವಾದ ಮಾಡಿಸಿ, ಜಾಲದ ಮೂಲಕ ನೋಡುಗರಿಗೆ ಹಂಚುವ ಕೃತಿ ಅದು. ಅದರ ವ್ಯಂಗ್ಯ ಬಣ್ಣದ್ದಲ್ಲ, ನಂಬಿಕೆಯ ವ್ಯಾಪಾರದ್ದು.

ಹಳೆಯ ಪುಟಗಳತ್ತ ನೋಟ ತಿರುಗಿದ್ದು ಅವು ಸಾಯತೊಡಗಿದ ಮೇಲೆ. 2009ರ ಅಕ್ಟೋಬರ್ 26ರಂದು ಯಾಹೂ ಜಿಯೋಸಿಟೀಸ್ ಮುಚ್ಚಿತು. ಸಾಯುವ ತಾಣಗಳನ್ನು ಉಳಿಸುವ ಆರ್ಕೈವ್ ಟೀಮ್‌ನವರು ಕೈಗೆ ಸಿಕ್ಕಷ್ಟನ್ನು ನಕಲು ಮಾಡಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಟೊರೆಂಟ್ ಆಗಿ ಬಿಟ್ಟರು. ಜಾಲ ಕಲಾವಿದರಾದ ಓಲಿಯಾ ಲಿಯಾಲಿನಾ ಮತ್ತು ಡ್ರಾಗನ್ ಎಸ್ಪೆನ್‌ಶೀಡ್ ಆ ರಾಶಿಯನ್ನು ಜಾನಪದದ ಹಾಗೆ ಜೋಪಾನವಾಗಿ ಕೆದಕಿ, ಪುಟಗಳ ಚಿತ್ರವನ್ನು ಒಂದೊಂದಾಗಿ ಪ್ರಕಟಿಸತೊಡಗಿದರು. ವೇಪರ್‌ವೇವ್ ಎಂಬ ಇಂಟರ್ನೆಟ್ ಸಂಗೀತ-ಚಿತ್ರ ಶೈಲಿಯ ಪಂಗಡ ಅದೇ ಸರಕನ್ನು ಗುಲಾಬಿ-ನೀಲಿ ವಾಲ್‌ಪೇಪರ್ ಮಾಡಿಕೊಂಡಿತು. ಕೈ ಕೆಸರಾಗದ ನಕಲು ಅದು, ಬೇಗ ಹಳಸುತ್ತದೆ. ಕನ್ನಡ ಸಂಘದ ಹಿರಿಯರೊಬ್ಬರು ಕಷ್ಟಪಟ್ಟು ಕಟ್ಟಿದ ಪುಟ ನೋಡಿ ಬರೀ ನಗುವುದಾದರೆ ಲಿಯಾಲಿನಾ ದಾರಿಯಿಂದ ಕಲಿತದ್ದೇನೂ ಇಲ್ಲ.

ಇನ್ನು ಮಾಡುವ ಕ್ರಮ. ಹಿನ್ನೆಲೆಗೆ 64 ಪಿಕ್ಸೆಲ್ ಚೌಕ ಸಾಕು. ಎಡದ ಅಂಚು ಬಲಕ್ಕೆ, ಮೇಲಿನದು ಕೆಳಕ್ಕೆ ಕೂಡಬೇಕು, ಇಲ್ಲವಾದರೆ ಪುಟದ ತುಂಬ ಗೆರೆ. ಗಣೇಶ ಮಂಡಲದ ಸೀರಿಯಲ್ ಲೈಟ್, ಮಾಟುಂಗಾ ಹೋಟೆಲಿನ ಬೋರ್ಡು ಏನೇ ತೆಗೆದುಕೊಳ್ಳಿ, ಮೊದಲು ಚಿಕ್ಕದು ಮಾಡಿ, ಆಮೇಲೆ 32 ಬಣ್ಣಕ್ಕಿಳಿಸಿ. ಈ ಕ್ರಮ ತಿರುಗಿದರೆ ಕಿರಿದಾಗಿಸುವಾಗ ಹೊಸ ಛಾಯೆ ಹುಟ್ಟಿ ಶ್ರಮ ದಂಡ. ಇಂದಿನ ಬ್ರೌಸರ್ ಹಿಗ್ಗಿಸಿದ ಚಿತ್ರವನ್ನು ಮಸುಕಾಗಿಸುತ್ತದೆ. ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಇಮೇಜ್-ರೆಂಡರಿಂಗ್ ಅನ್ನು 'ಪಿಕ್ಸೆಲೇಟೆಡ್' ಎಂದಿಡಿ. ಜಿಫ್‌ನ ವಿಳಂಬ ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿರುತ್ತದೆ. 0 ಅಥವಾ 1 ಕೊಟ್ಟರೆ ವೇಗ ಹೆಚ್ಚುವುದಿಲ್ಲ, ಬಹುತೇಕ ಬ್ರೌಸರ್‌ಗಳು ಅದನ್ನು 10 ಎಂದೇ ಓಡಿಸುತ್ತವೆ.

ಜಿಫ್‌ನಲ್ಲಿ ಒಂದು ಪಿಕ್ಸೆಲ್ ಪೂರ್ತಿ ಕಾಣುತ್ತದೆ ಇಲ್ಲವೇ ಪೂರ್ತಿ ಮಾಯ. ಬಿಳಿಯ ಮೇಲೆ ನಯವಾಗಿ ಬರೆದ ಕನ್ನಡ ಶೀರ್ಷಿಕೆಯನ್ನು ಕಪ್ಪು ಹಿನ್ನೆಲೆಗೆ ತಂದರೆ ಅಂಚಿಗೆ ಬೂದಿ ಮೆತ್ತಿದಂತೆ ಬಿಳಿ ಬಾರ್ಡರ್ ಉಳಿಯುತ್ತದೆ. ಬರೆಯುವಾಗಲೇ ಹಿನ್ನೆಲೆಯ ಬಣ್ಣ ಹಾಕಿಕೊಳ್ಳಿ.

ಅಕ್ಷರ ಮಿನುಗಿಸುತ್ತಿದ್ದ ಬ್ಲಿಂಕ್ ಟ್ಯಾಗ್ ಸತ್ತಿದೆ. 2013ರಲ್ಲಿ ಫೈರ್‌ಫಾಕ್ಸ್ 23 ಕೂಡ ಕೈಬಿಟ್ಟಿತು. ಸಿಎಸ್‌ಎಸ್ ಅನಿಮೇಷನ್‌ನಲ್ಲಿ ಅದನ್ನೇ ಮಾಡಬಹುದು, ಆದರೆ ಸೆಕೆಂಡಿಗೆ 3ಕ್ಕಿಂತ ಹೆಚ್ಚು ಸಲ ಬೆಳಕು ಚಿಮ್ಮಿದರೆ ಕೆಲವರಿಗೆ ಫಿಟ್ಸ್ ಬರಬಹುದು. ಸಾಲನ್ನು ಅಡ್ಡಕ್ಕೆ ಓಡಿಸುವ ಮಾರ್ಕೀ ಟ್ಯಾಗ್ ಈಗಲೂ ಓಡುತ್ತದೆ, ಅಂಥದ್ದೇ ಸಾಲು ದಾದರ್ ಸ್ಟೇಷನ್ನಿನ ಇಂಡಿಕೇಟರ್ ಮೇಲೂ ಓಡುತ್ತದೆ. ಕನ್ನಡ ಹಾಕುವಾಗ ಸಾಲಿನ ಎತ್ತರ ಅಕ್ಷರದ 1.6 ಪಟ್ಟು ಇರಲಿ. ಕಡಿಮೆಯಾದರೆ 'ರಾಷ್ಟ್ರ'ದ ಕೆಳಗಿನ ಒತ್ತುಗಳು ಕತ್ತರಿಸಿ ಹೋಗುತ್ತವೆ. ಅಕ್ಷರಕ್ಕೊಂದು ಬಣ್ಣದ ಕಾಮನಬಿಲ್ಲು ಬೇಕಿದ್ದರೆ ತುಂಡು ಮಾಡುವ ಕೆಲಸವನ್ನು ಸ್ಕ್ರಿಪ್ಟಿಗೆ ಬಿಡಬೇಡಿ. ಅದು 'ಸ್ತ್ರೀ'ಯನ್ನು ಚೂರು ಮಾಡಿ, ಗುಣಿತದ ಜೊತೆ ಚುಕ್ಕಿ ವೃತ್ತ ತೋರಿಸುತ್ತದೆ. ಒಂದೊಂದು ಅಕ್ಷರವನ್ನೂ ಕೈಯಾರೆ 'ಸ್ಪ್ಯಾನ್' ಟ್ಯಾಗ್ ಒಳಗಿಡಿ.

ಹಳೆಯ ಪುಟಗಳಲ್ಲಿದ್ದ ಮಿಡಿ ಸಂಗೀತ ಈಗ ತಾನಾಗಿ ನುಡಿಯದು. ಆಡಿಯೋ ಫೈಲ್ ಆಗಿ ಬದಲಿಸಿ, ಒತ್ತಲು ಒಂದು ಗುಂಡಿ ಕೊಡಿ. ಪುಟ ಇಡಲು 2013ರಲ್ಲಿ ಹುಟ್ಟಿದ ನಿಯೋಸಿಟೀಸ್ ತಾಣ ಪುಕ್ಕಟೆಯಾಗಿ 1 ಗಿಗಾಬೈಟ್ ಕೊಡುತ್ತದೆ, ಆಡಿಯೋ ಫೈಲನ್ನು ಮಾತ್ರ ಪುಕ್ಕಟೆ ಖಾತೆ ಒಪ್ಪುವುದಿಲ್ಲ. ಏರಿಸುವ ಮೊದಲು ಫೈಲ್ ಹೆಸರುಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರಕ್ಕೆ ತನ್ನಿ: ದೊಡ್ಡಕ್ಷರ, ಸಣ್ಣಕ್ಷರ ಬೆರೆತರೂ ವಿಂಡೋಸ್ ಸುಮ್ಮನಿರುತ್ತದೆ, ಸರ್ವರ್ ಒಪ್ಪುವುದಿಲ್ಲ, ಚಿತ್ರದ ಜಾಗದಲ್ಲಿ ಮುರಿದ ಚೌಕ ಬರುತ್ತದೆ.