ಉಳ್ಳಾಗಡ್ಡಿಯ ಮೊದಲ ಪದರ

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜೊತೆ ಗುದ್ದಿ ತಿನ್ನುವ ಹಸಿ ಉಳ್ಳಾಗಡ್ಡಿಯಲ್ಲಿ ಕ್ವೆರ್ಸಿಟಿನ್ ಎಂಬ ಫ್ಲೇವನಾಯ್ಡ್ (ಸಸ್ಯಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ಇದೆ. ಬಾಗಲಕೋಟೆ, ಕೊಲ್ಹಾರ, ಬಸವನ ಬಾಗೇವಾಡಿ ಹೊಲಗಳಲ್ಲಿ ಕಾಣುವಂಥ ಕೆಂಪು ಗಡ್ಡಿಯಾದರೆ 100 ಗ್ರಾಂಗೆ ಸಾಮಾನ್ಯವಾಗಿ 20ರಿಂದ 40 ಮಿಲಿಗ್ರಾಂ. ಬಿಳಿ ಗಡ್ಡಿಯಲ್ಲಿ ತೀರಾ ಕಡಿಮೆ. ಕೆಂಪು ಬಣ್ಣ ಮಾತ್ರ ಇದರದಲ್ಲ, ಅದು ಆಂಥೋಸಯನಿನ್‌ನದು. ಶುದ್ಧ ಕ್ವೆರ್ಸಿಟಿನ್ ಹಳದಿ ಪುಡಿ. ಇದು ಉರಿಯೂತ ತಗ್ಗಿಸುತ್ತದೆ ಎಂಬುದು ಸುಳ್ಳಲ್ಲ, ಆದರೆ ವಾಟ್ಸಾಪ್‌ನಲ್ಲಿ ಹರಿದಾಡುವಷ್ಟು ಸರಳವೂ ಅಲ್ಲ.

ಜೀವಕೋಶದಲ್ಲಿ ಉರಿಯೂತ ಶುರುವಾಗುವ ಮುಖ್ಯ ದಾರಿಯೊಂದರಲ್ಲಿ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನ್ ಇದೆ. ರಂಜನ್ ಸೆನ್ ಮತ್ತು ಡೇವಿಡ್ ಬಾಲ್ಟಿಮೋರ್ 1986ರಲ್ಲಿ ಗುರುತಿಸಿದ್ದು. ಸುಮ್ಮನಿರುವಾಗ ಐ-ಕಪ್ಪಾಬಿ ಎಂಬ ಇನ್ನೊಂದು ಪ್ರೋಟೀನ್ ಮೂಗುದಾರದ ಹಾಗೆ ಅದನ್ನು ಕೋಶಕೇಂದ್ರದ ಹೊರಗೇ ಹಿಡಿದಿರುತ್ತದೆ. ಬ್ಯಾಕ್ಟೀರಿಯಾದ ಸುಳಿವು ಸಿಕ್ಕಾಗ ಐಕೆಕೆ ಎಂಬ ಕಿಣ್ವ ಆ ಐ-ಕಪ್ಪಾಬಿಗೆ ಫಾಸ್ಫೇಟ್ ಅಂಟಿಸುತ್ತದೆ, ಅದು ಚೂರಾಗುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾಬಿ ಕೇಂದ್ರದೊಳಗೆ ನುಗ್ಗಿ ಉರಿಯೂತ ಹೆಚ್ಚಿಸುವ ಟಿಎನ್‌ಎಫ್, ಐಎಲ್-6, ಕಾಕ್ಸ್-2 ವಂಶವಾಹಿಗಳನ್ನು ಎಬ್ಬಿಸುತ್ತದೆ. ಕ್ವೆರ್ಸಿಟಿನ್ ಐಕೆಕೆಯ ಕೆಲಸ ಕುಗ್ಗಿಸುತ್ತದೆ. ಜೊತೆಗೆ ಕೀಪ್-1 ಎಂಬ ಪ್ರೋಟೀನಿನ ಹಿಡಿತದಿಂದ ಇನ್ನೊಂದು ಪ್ರೋಟೀನ್ ಎನ್‌ಆರ್‌ಎಫ್-2 ಬಿಡಿಸಿ, ಕೋಶದ ಸ್ವಂತ ರಕ್ಷಕ ಕಿಣ್ವಗಳನ್ನು ಹೆಚ್ಚಿಸುತ್ತದೆ. ನನಗೆ ಈ ಎರಡನೆಯದೇ ಹೆಚ್ಚು ಮುಖ್ಯವೆನಿಸುತ್ತದೆ. ಸ್ವತಃ ಆಕ್ಸಿಡೀಕರಣ ತಡೆಯುವುದಕ್ಕಿಂತ ಇದರ ಪ್ರಭಾವ ದೊಡ್ಡದು.

ಪ್ರಯೋಗಾಲಯದಲ್ಲಿ ಇದನ್ನು ನೋಡುವ ರೂಢಿಯ ವಿಧಾನ ಹೀಗಿದೆ: ಇಲಿಯ ಮ್ಯಾಕ್ರೋಫೇಜ್ ಕೋಶಗಳಿಗೆ (ರೋಗಾಣು ನುಂಗುವ ರಕ್ಷಣಾ ಕೋಶಗಳು) ಕ್ವೆರ್ಸಿಟಿನ್ ಕೊಟ್ಟು, ಬ್ಯಾಕ್ಟೀರಿಯಾ ಗೋಡೆಯ ಲಿಪೊಪಾಲಿಸ್ಯಾಕರೈಡ್‌ನಿಂದ ಕೆರಳಿಸಿ, ಮಾರನೆಯ ದಿನ ದ್ರವಕ್ಕೆ ಗ್ರೀಸ್ ರಿಯೇಜೆಂಟ್ ಹಾಕಿ 540 ನ್ಯಾನೊಮೀಟರ್‌ನಲ್ಲಿ ಬಣ್ಣ ಅಳೆಯುವುದು. ಗುಲಾಬಿ ಕಡಿಮೆಯಾದರೆ ಕೆರಳಿದ ಕೋಶಗಳು ಹೊರಬಿಡುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಯಿತು ಎಂದರ್ಥ. ಎಡವಟ್ಟೂ ಇಲ್ಲೇ. ಕೋಶಗಳು ಸತ್ತರೂ ಗುಲಾಬಿ ಕಡಿಮೆಯಾಗುತ್ತದೆ, ಹಾಗಾಗಿ ಎಂಟಿಟಿ ಪರೀಕ್ಷೆಯಿಂದ ಕೋಶ ಬದುಕಿವೆಯೇ ಎಂದು ನೋಡದ ಫಲಿತಾಂಶಕ್ಕೆ ಬೆಲೆಯಿಲ್ಲ. ಕ್ವೆರ್ಸಿಟಿನ್ ನೀರಿನಲ್ಲಿ ಕರಗದು, ಡಿಎಂಎಸ್‌ಒದಲ್ಲಿ ಕರಗಿಸಬೇಕು. ಹೋಲಿಕೆಗಾಗಿ ಆ ದ್ರಾವಕ ಮಾತ್ರ ಹಾಕಿದ ಕುಳಿಯೊಂದು ಪ್ಲೇಟ್‌ನಲ್ಲಿ ಇರಲೇಬೇಕು. ಇನ್ನೊಂದು ತೊಡಕು, ಕೋಶಗಳ ಪೋಷಕ ದ್ರವದಲ್ಲಿ ಕ್ವೆರ್ಸಿಟಿನ್ ತಾನೇ ಆಕ್ಸಿಡೀಕರಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ, ಅದರ ಪರಿಣಾಮವೂ ಫಲಿತಾಂಶದಲ್ಲಿ ಬೆರೆಯಬಹುದು.

ಇದಕ್ಕಿಂತ ದೊಡ್ಡ ಪ್ರಶ್ನೆ ಪ್ರಮಾಣದ್ದು. ಇಂಥ ಪ್ರಯೋಗಗಳಲ್ಲಿ ಬಳಸುವುದು ಹೆಚ್ಚಾಗಿ 10ರಿಂದ 50 ಮೈಕ್ರೋಮೋಲಾರ್, ಅಂದರೆ ಲೀಟರ್‌ಗೆ 3ರಿಂದ 15 ಮಿಲಿಗ್ರಾಂ. ಊಟದ ನಂತರ ರಕ್ತದಲ್ಲಿ ಸಿಗುವುದು ಸಾಮಾನ್ಯವಾಗಿ 1 ಮೈಕ್ರೋಮೋಲಾರ್‌ಗಿಂತ ಕಡಿಮೆ. ಅದೂ ಮೂಲರೂಪದಲ್ಲಿ ಅಲ್ಲ: ಕರುಳು, ಯಕೃತ್ತು ಸೇರಿ ಅದಕ್ಕೆ ಗ್ಲುಕುರೊನೈಡ್, ಸಲ್ಫೇಟ್ ಎಂಬ ರಾಸಾಯನಿಕ ತುಣುಕುಗಳನ್ನು ಅಂಟಿಸಿಬಿಟ್ಟಿರುತ್ತವೆ. ಉರಿಯೂತದ ಜಾಗದಲ್ಲಿ ಮ್ಯಾಕ್ರೋಫೇಜ್‌ಗಳು ಆ ಗ್ಲುಕುರೊನೈಡ್ ಕಳಚಿ ಮೂಲರೂಪವನ್ನು ಮರಳಿ ಪಡೆಯಬಲ್ಲವು, ಅಷ್ಟು ಸಮಾಧಾನ.

ಹೀರಿಕೆಯಲ್ಲಿ ಉಳ್ಳಾಗಡ್ಡಿಗೆ ಮೇಲುಗೈ ಇದೆ. ಅದರಲ್ಲಿನ ಕ್ವೆರ್ಸಿಟಿನ್‌ಗೆ ಗ್ಲುಕೋಸ್ ಅಂಟಿರುತ್ತದೆ, ಸಣ್ಣಕರುಳಿನ ಕಿಣ್ವವೇ ಅದನ್ನು ಕತ್ತರಿಸುತ್ತದೆ. ನೆದರ್ಲೆಂಡ್ಸ್‌ನಲ್ಲಿ 1995ರ ಅಧ್ಯಯನವೊಂದು ಉಳ್ಳಾಗಡ್ಡಿಯಿಂದ ಸುಮಾರು 52% ಹೀರಿಕೆ ಕಂಡಿತು. ರೂಟಿನ್ (ಜೋಡಿ ಸಕ್ಕರೆ ಅಂಟಿದ ಕ್ವೆರ್ಸಿಟಿನ್) ರೂಪದಲ್ಲಿ ಕೊಟ್ಟಾಗ 17% ಮಾತ್ರ. ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆಸಿಪ್ಪೆಯಲ್ಲಿರುವ ಇನ್ನೊಂದು ಫ್ಲೇವನಾಯ್ಡ್ ಹೆಸ್ಪೆರಿಡಿನ್‌ಗೂ ರೂಟಿನ್‌ಗಿರುವ ಜೋಡಿ ಸಕ್ಕರೆಯೇ. ಅದು ದೊಡ್ಡಕರುಳಿನ ಬ್ಯಾಕ್ಟೀರಿಯಾ ಕೈಸೇರುವವರೆಗೆ ಕಾಯಬೇಕು.

ಅಡುಗೆಮನೆಯಲ್ಲಿ ಮಾಡುವುದು ಇಷ್ಟೇ. ಕ್ವೆರ್ಸಿಟಿನ್ ಹೊರಪದರಗಳಲ್ಲಿ ಗಟ್ಟಿಯಾಗಿ, ಒಳಗೆ ಹೋದಂತೆ ತೆಳುವಾಗಿ ಇರುತ್ತದೆ. ಒಣ ಸಿಪ್ಪೆ ಮಾತ್ರ ತೆಗೆಯಿರಿ. ಅದರ ಕೆಳಗಿನ ರಸಭರಿತ ಮೊದಲ ಪದರವನ್ನು ಕೊಳೆತಿಲ್ಲದಿದ್ದರೆ ಬಿಸಾಡಬೇಡಿ. ಸಿಪ್ಪೆಯಡಿ ಕರಿ ಬೂಷ್ಟು ಕಂಡರೆ ಆ ಪದರ ಹೋಗಲಿ. ಕುದಿಸಿದರೆ ಒಂದಷ್ಟು ಭಾಗ ನೀರಿಗೆ ಇಳಿಯುತ್ತದೆ, ಆ ನೀರು ಸಾರಿಗೆ ಬಳಸಿ. ಒಗ್ಗರಣೆಯಲ್ಲಿ ಹೊಂಬಣ್ಣ ಬರುವಷ್ಟು ಹುರಿದರೆ ದೊಡ್ಡ ನಷ್ಟವಿಲ್ಲ, ಕರಕಾದರೆ ಇದೆ. 500 ಮಿಲಿಗ್ರಾಂ ಮಾತ್ರೆಯ ಲೆಕ್ಕ ಬೇರೆ: ರಕ್ತ ತೆಳುವಾಗಿಸುವ ಔಷಧ ನುಂಗುವವರು ವೈದ್ಯರನ್ನು ಕೇಳದೆ ಅದಕ್ಕೆ ಕೈಹಾಕಬಾರದು.