‘ನಿಮ್ಮ ಕಾಲದಲ್ಲಿ ಏನಾಗಿತ್ತು?’ ಅನ್ನೋದು ಉತ್ತರವಾ?

ಜಗಳೂರಿನ ಓದುಗರೊಬ್ಬರ ಪ್ರಶ್ನೆ: ‘ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಯಾವಾಗ ಬರುತ್ತೆ ಅಂತ ಯಾವ ಪಕ್ಷದವರನ್ನು ಕೇಳಿದರೂ ಇನ್ನೊಂದು ಪಕ್ಷದ ತಪ್ಪು ಹೇಳ್ತಾರೆ. ಕೇಳುವಾಗ ಹೌದಲ್ವಾ ಅನ್ನಿಸುತ್ತೆ. ಮನೆಗೆ ಬಂದರೆ ಏನೂ ತಿಳಿದಿರಲ್ಲ. ಯಾಕೆ ಹೀಗೆ?’

ಯಾಕಂದ್ರೆ ಅವರು ಹೇಳಿದ್ದು ಎಷ್ಟೋ ಸಲ ನಿಜವೇ ಆಗಿರುತ್ತದೆ. ನಿಜದ ಮಾತು ಕಿವಿಗೆ ಬಿದ್ದ ಕೂಡಲೇ ನಾವು ತಲೆಯಾಡಿಸುತ್ತೇವೆ, ಆದರೆ ಅದು ನಾವು ಕೇಳಿದ ಪ್ರಶ್ನೆಗೆ ಸೇರಿದ್ದಾ ಅಂತ ನೋಡೋದು ಮರೆತುಹೋಗುತ್ತದೆ. ಎದುರಿನವರೂ ಸುಮ್ನೆ ಕೂರಲ್ಲ, ತಮ್ಮನ್ನು ಸಮರ್ಥಿಸಿಕೊಳ್ಳಲು ಶುರು ಮಾಡುತ್ತಾರೆ. ಅಲ್ಲಿಗೆ ನೀರಿನ ಮಾತು ಹೋಯಿತು.

ಇದು ಟಿವಿ ಬಂದ ಮೇಲೆ ಹುಟ್ಟಿದ್ದಲ್ಲ. ತರ್ಕದ ಬಗೆಗಿನ ಹಳೇ ಸಂಸ್ಕೃತ ಗ್ರಂಥ, ಗೌತಮನ ನ್ಯಾಯಸೂತ್ರದಲ್ಲಿ ವಾದ ಮಾಡುವವನು ಸೋಲುವ 22 ಬಗೆ ಹೇಳಿದ್ದಾರೆ, ಅವಕ್ಕೆ ನಿಗ್ರಹಸ್ಥಾನ ಅಂತ ಹೆಸರು. ಅದರಲ್ಲಿ ಒಂದು ಮತಾನುಜ್ಞೆ. ತನ್ನ ಮೇಲೆ ಬಂದ ತಪ್ಪಿಗೆ ಉತ್ತರ ಕೊಡದೆ ‘ನಿನ್ನಲ್ಲೂ ಅದೇ ತಪ್ಪಿದೆ’ ಅನ್ನೋದು. ಹಾಗೆ ಅಂದವನು ತನ್ನ ತಪ್ಪನ್ನು ಒಪ್ಪಿಕೊಂಡ ಹಾಗೇ ಅಂತ ಅವರ ಲೆಕ್ಕ. ನನಗೆ ಇದು ತುಂಬಾ ಸರಿಯಾದ ಲೆಕ್ಕ ಅನ್ನಿಸುತ್ತದೆ. ಇವತ್ತಿನ ಚರ್ಚೆಯಲ್ಲಿ ಅದೇ ಮಾತಿಗೆ ಚಪ್ಪಾಳೆ ಬೀಳುತ್ತದೆ.

ಹಾಗಂತ ಇನ್ನೊಬ್ಬರತ್ತ ಬೆರಳು ತೋರಿಸಿದ್ದೆಲ್ಲ ನುಣುಚಿಕೊಳ್ಳುವ ಮಾತಲ್ಲ, ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 2023ರ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆಯಾಯಿತು. ಆ ದುಡ್ಡು ಎಲ್ಲಿ ಅಂತ ಕೇಳಿದಾಗ ಕೇಂದ್ರದವರು ‘ಇಂಥ ದಾಖಲೆ ರಾಜ್ಯದವರು ಕೊಟ್ಟಿಲ್ಲ, ಅದಕ್ಕೇ ನಿಂತಿದೆ’ ಅಂದರೆ ಅದು ಉತ್ತರ. ಸರಿಯೋ ತಪ್ಪೋ, ಕಾಗದ ತೆಗೆಸಿ ನೋಡಬಹುದು. ರಾಜ್ಯದವರು ‘ದಾಖಲೆ ಕೊಟ್ಟಿದ್ದೇವೆ, ಇಂಥ ದಿನ ಕೊಟ್ಟಿದ್ದೇವೆ’ ಅನ್ನೋದೂ ಉತ್ತರವೇ. ‘ನೀವು ಅಧಿಕಾರದಲ್ಲಿದ್ದಾಗ ಏನು ಕಡಿದು ಗುಡ್ಡೆ ಹಾಕಿದ್ರಿ?’ ಅಂದರೆ ಮಾತ್ರ ದುಡ್ಡಿನ ಬಗ್ಗೆ ಒಂದಕ್ಷರವೂ ಗೊತ್ತಾಗಲ್ಲ. ಅದೇ ಮಾತು, ಯಾರಿಗೆ ವೋಟು ಹಾಕೋದು ಅನ್ನೋ ಪ್ರಶ್ನೆಗಾದರೆ ಹೊಂದುತ್ತದೆ, ಅಲ್ಲಿ ಇಬ್ಬರ ಹಳೇ ಕೆಲಸವನ್ನೂ ತೂಗಲೇಬೇಕು.

ನಾನು ಮಾಡೋದು ಇಷ್ಟೇ. ಅವರ ಮಾತಿನಿಂದ ಬೈಗುಳವನ್ನೆಲ್ಲ ತೆಗೆದುಹಾಕಿ, ಏನು ಉಳಿಯಿತು ಅಂತ ನೋಡುತ್ತೇನೆ. ಒಂದು ತಾರೀಕು, ಒಂದು ಮೊತ್ತ, ಒಂದು ಕಾರಣ ಉಳಿದರೆ ಬರೆದಿಟ್ಟುಕೊಳ್ಳುತ್ತೇನೆ. ಏನೂ ಉಳಿಯದಿದ್ದರೆ, ನಿಮ್ಮೂರಿನ ಸಭೆಯಲ್ಲಿ ಮೈಕ್ ಸಿಕ್ಕಾಗ ಜಗಳಕ್ಕೆ ಹೋಗಬೇಡಿ. ‘ಅವರನ್ನೂ ಕೇಳ್ತೀವಿ ಸಾರ್, ಈಗ ನಿಮ್ಮನ್ನ ಕೇಳ್ತಿದೀವಿ, ನಮ್ಮ ಕೆರೆಗೆ ನೀರು ಯಾವಾಗ?’ ಅಂತ ಅದೇ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿ.