ಹೇಂಟೆ ತೂರಾಡುತ್ತಿದೆ, ಯಾವ ಔಷಧಿ ಕೊಡಲಿ?

ಪ್ರಶ್ನೆ: ನಮ್ಮ ಹಿತ್ತಲಲ್ಲಿ ಆರು ನಾಟಿ ಕೋಳಿ ಇವೆ. ಅದರಲ್ಲಿ ನಾಲ್ಕು ತಿಂಗಳ ಒಂದು ಹೇಂಟೆ ಮೂರು ದಿನದಿಂದ ಕುಡಿದವರ ಹಾಗೆ ತೂರಾಡುತ್ತಿದೆ. ನಾಲ್ಕು ಹೆಜ್ಜೆ ಇಟ್ಟು ಕೂತುಬಿಡುತ್ತದೆ. ಎದುರಿಗೆ ಕಾಳು ಹಾಕಿದರೆ ತಿನ್ನುತ್ತದೆ. ಮಿಕ್ಕವೆಲ್ಲ ಚೆನ್ನಾಗಿವೆ. ಇದು ಯಾವ ರೋಗ? ಏನು ಔಷಧಿ ಕೊಡಬೇಕು?

ಉತ್ತರ: ಔಷಧಿ ಆಮೇಲೆ ನೋಡೋಣ. ತೂರಾಟ ಅನ್ನೋದು ರೋಗದ ಹೆಸರಲ್ಲ. ಜ್ವರ ಬಂದಿದೆ ಅಂದ ಮಾತ್ರಕ್ಕೆ ಟೈಫಾಯ್ಡೋ ಮಲೇರಿಯಾನೋ ಗೊತ್ತಾಗಲ್ಲ, ಅಲ್ವಾ? ಇದೂ ಹಾಗೇ. ಆದರೆ ನಮ್ಮಲ್ಲಿ ಕೋಳಿ ಮಂಕಾದರೆ ಮೊದಲು ಮಾಡುವ ಕೆಲಸ, ಅಂಗಡಿಯಿಂದ ಟೆಟ್ರಾಸೈಕ್ಲಿನ್ ಪುಡಿ ತಂದು ನೀರಿಗೆ ಕಲಸುವುದು. ಅದಕ್ಕೂ ಮುಂಚೆ ಹೇಂಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಹತ್ತು ನಿಮಿಷ ಕೂರಿ. ಅದರ ಕಾಲು ನೋಯುತ್ತಿದೆಯಾ, ಮೈಯಲ್ಲಿ ಶಕ್ತಿ ಇಲ್ಲವಾ, ಇಲ್ಲಾ ನರ ಕೈಕೊಟ್ಟಿದೆಯಾ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಪಾದದಿಂದ ಶುರು ಮಾಡಿ. ಅಂಗಾಲಲ್ಲಿ ಊತ, ಕಪ್ಪು ಹಕ್ಕಳೆ, ಮುಳ್ಳು ಇದೆಯಾ ನೋಡಿ. ಬೆರಳಿಗೆ ದಾರವೋ ತಲೆಕೂದಲೋ ಸುತ್ತಿಕೊಂಡಿರುವುದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಎರಡು ಕಾಲನ್ನೂ ಒಟ್ಟಿಗೆ ಹಿಡಿದು ಹೋಲಿಸಿ. ಒಂದು ಬಿಸಿಯಾಗಿ, ದಪ್ಪವಾಗಿದ್ದರೆ ಪೆಟ್ಟು ಬಿದ್ದಿರಬಹುದು.

ಕಾಲು ಸರಿ ಇದ್ದರೆ ಎದೆ ಮುಟ್ಟಿ. ನಡುವಿನ ಮೂಳೆ ಕತ್ತಿಯ ಬಾಯಿಯ ಹಾಗೆ ಕೈಗೆ ಚುಚ್ಚಿದರೆ ಕೋಳಿ ಸೊರಗಲು ಶುರುವಾಗಿ ಬಹಳ ದಿನ ಆಗಿದೆ, ನಿಮ್ಮ ಕಣ್ಣಿಗೆ ಬಿದ್ದದ್ದು ಮಾತ್ರ ಮೂರು ದಿನದ ಹಿಂದೆ. ಜುಟ್ಟು, ಮುಖ ಬಿಳಿಚಿದ್ದರೆ ರಕ್ತ ಎಲ್ಲೋ ಸೋರುತ್ತಿರಬಹುದು. ಹಿಕ್ಕೆಯಲ್ಲಿ ರಕ್ತ ಕಂಡರೆ ರಕ್ತಭೇದಿ ಇರಬಹುದು. ಮಳೆಗಾಲದಲ್ಲಿ ಗೂಡಿನ ನೆಲ ಒದ್ದೆಯಾದಾಗ ಅದು ಮರಿಗಳಿಗೆ ಬೇಗ ಹಿಡಿಯುತ್ತದೆ. ಹೊಟ್ಟೆಯ ಜಂತುಹುಳವೂ ಕಾರಣ ಆಗಬಹುದು. ಹಿಕ್ಕೆ ಪರೀಕ್ಷೆಯಲ್ಲಿ ಎರಡೂ ಗೊತ್ತಾಗುತ್ತವೆ, ಎರಡಕ್ಕೂ ಔಷಧಿ ಇದೆ.

ರಕ್ತ ಹೀರುವ ಇನ್ನೊಬ್ಬ ಕಳ್ಳ ಇದ್ದಾನೆ, ಕೋಳಿ ಉಣ್ಣೆ. ನಾನೂ ಒಮ್ಮೆ ಇವನಿಂದ ಮೋಸ ಹೋಗಿದ್ದೇನೆ. ಹಗಲು ಹೊತ್ತಿನಲ್ಲಿ ಕೋಳಿಯ ಮೈಯನ್ನು ಎಷ್ಟು ಸಲ ಕೆದಕಿದರೂ ಏನೂ ಸಿಗಲಿಲ್ಲ. ನಾಲ್ಕು ದಿನ ಸುಮ್ನೆ ಬಿ ಕಾಂಪ್ಲೆಕ್ಸ್ ಹಾಕಿದೆ. ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಗೂಡಿಗೆ ಹೋದಾಗ ಹಲಗೆಯ ಸಂದಿಯಿಂದ ಕಲ್ಲಂಗಡಿ ಬೀಜದಂಥ ಚಪ್ಪಟೆ ಹುಳಗಳು ಸಾಲಾಗಿ ಹೊರಗೆ ಬರುತ್ತಿದ್ದವು. ದೊಡ್ಡ ಉಣ್ಣೆ ರಾತ್ರಿ ಬಂದು ರಕ್ತ ಕುಡಿದು, ಬೆಳಗಾಗುವಷ್ಟರಲ್ಲಿ ಸಂದಿ ಸೇರುತ್ತದೆ. ಅದರ ಮರಿಗಳು ಮಾತ್ರ ರೆಕ್ಕೆಯ ಕೆಳಗೆ ಕೆಲವು ದಿನ ಕಚ್ಚಿಕೊಂಡೇ ಇರುತ್ತವೆ. ಸಣ್ಣ ಕಪ್ಪು ಚುಕ್ಕಿಗಳ ಹಾಗೆ ಕಾಣುತ್ತವೆ. ಇವು ಜಾಸ್ತಿ ಆದರೆ ರಕ್ತ ಹೋಗುವುದಷ್ಟೇ ಅಲ್ಲ, ಅವುಗಳ ಜೊಲ್ಲಿನ ವಿಷದಿಂದ ಕಾಲು ಸೋತು ಕೋಳಿ ತೂರಾಡುತ್ತದೆ. ಕಿತ್ತು ಹಾಕಿ, ಗೂಡು ಬದಲಿಸಿದರೆ ಎಷ್ಟೋ ಕೋಳಿ ಎದ್ದು ನಿಲ್ಲುತ್ತವೆ. ಗೂಡನ್ನು ಖಾಲಿ ಬಿಟ್ಟರೆ ಉಣ್ಣೆ ಸಾಯುತ್ತದೆ ಅಂದುಕೊಳ್ಳಬೇಡಿ, ಏನೂ ತಿನ್ನದೆ ವರ್ಷಕ್ಕೂ ಮೇಲೆ ಬದುಕುತ್ತದೆ. ಸಂದು ಮುಚ್ಚಿ ಸುಣ್ಣ ಬಳಿಯಿರಿ, ಸಿಂಪಡಿಸುವ ಔಷಧಿಯನ್ನು ಪಶು ವೈದ್ಯರ ಹತ್ತಿರ ಬರೆಸಿಕೊಳ್ಳಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಕೋಳಿ ಮೇಲೆ ಹೊಡೆಯಬೇಡಿ. ಉಣ್ಣೆಗಿಂತ ಮೊದಲು ಕೋಳಿ ಹೋಗುತ್ತದೆ.

ಇನ್ನು ನರದ ಮಾತು. ಹೇಂಟೆ ಕೂತಾಗ ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿಕೊಂಡಿದೆಯಾ? ಒಂದು ರೆಕ್ಕೆ ಜೋತು ಬಿದ್ದಿದೆಯಾ? ಮೈ ಹಿಡಿದು ಎತ್ತಿ, ಪಾದದ ಅಡಿಗೆ ನಿಮ್ಮ ಬೆರಳು ಕೊಡಿ. ಒಂದು ಕಾಲು ಹಿಡಿದುಕೊಂಡು ಇನ್ನೊಂದು ಸುಮ್ಮನಿದ್ದರೆ ನನ್ನ ಅನುಮಾನ ಮಾರೆಕ್ ರೋಗದ ಮೇಲೆ. ಹಂಗೇರಿಯ ಪಶು ವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಇದನ್ನು ಮೊದಲು ವಿವರಿಸಿದ್ದರಿಂದ ಆ ಹೆಸರು. ಇದು ವೈರಸ್ ರೋಗ. ಕಾಲಿಗೆ ಹೋಗುವ ದಪ್ಪ ನರ ಊದಿಕೊಳ್ಳುತ್ತದೆ. ಒಂದೂವರೆ ತಿಂಗಳಿಂದ ಆರು ತಿಂಗಳ ಒಳಗಿನ ಕೋಳಿಗಳಲ್ಲಿ ಜಾಸ್ತಿ. ಕಾಲು ಬಿದ್ದರೂ ಕಣ್ಣು ಚುರುಕು, ಮೇವು ಎಟುಕಿದರೆ ತಿನ್ನುತ್ತದೆ. ನೀವು ಬರೆದದ್ದೂ ಹೆಚ್ಚುಕಡಿಮೆ ಇದೇ.

ಇದಕ್ಕೆ ಔಷಧಿ ಇಲ್ಲ. ಆದರೂ ಕೆಲವು ಹೇಂಟೆಗಳು ಒಂದೆರಡು ದಿನ ಕಾಲು ಸೋತು, ತಾವಾಗಿಯೇ ಏಳುವುದುಂಟು. ಆಗ ಅದೇ ದಿನ ಕೊಟ್ಟ ಬೆಳ್ಳುಳ್ಳಿಗೋ ಮಾತ್ರೆಗೋ ಊರೆಲ್ಲ ಹೆಸರು!

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಆಗಿದ್ದರೆ ಚಿತ್ರವೇ ಬೇರೆ. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಆಮೇಲೆ ತಿರುಚಿದ ಕುತ್ತಿಗೆ. ಒಂದಕ್ಕೆ ಬಂದು ನಿಲ್ಲಲ್ಲ, ದಿನಗಳಲ್ಲೇ ಗೂಡು ಖಾಲಿ ಮಾಡುತ್ತದೆ. ನಿಮ್ಮ ಮಿಕ್ಕ ಐದು ಚೆನ್ನಾಗಿರುವುದರಿಂದ ಇದರ ಸಾಧ್ಯತೆ ಕಡಿಮೆ. ಕತ್ತು ಬಟ್ಟೆಯ ಹಾಗೆ ನೆಲಕ್ಕೆ ಬಿದ್ದರೆ, ಕೊಳೆತ ಹೆಣದ ಹುಳ ತಿಂದಿತ್ತಾ ಅಂತ ನೆನಪು ಮಾಡಿಕೊಳ್ಳಿ, ಆ ಹುಳದಲ್ಲಿರುವ ವಿಷದಿಂದ ಹಾಗಾಗುವುದುಂಟು. ಅಕ್ಕಪಕ್ಕದ ಹೊಲದಲ್ಲಿ ಔಷಧಿ ಹಚ್ಚಿದ ಬೀಜ ಬಿತ್ತಿದ್ದರೆ ಅದನ್ನೂ ಪಶು ವೈದ್ಯರಿಗೆ ಹೇಳಿ. ಬೆರಳು ಒಳಕ್ಕೆ ಮುದುಡಿದ್ದರೆ ಬಿ2 ವಿಟಮಿನ್ ಕೊರತೆ, ಆದರೆ ಅದು ಎರಡು ಮೂರು ವಾರದ ಮರಿಗಳ ತೊಂದರೆ. ಸೊಪ್ಪು, ಹುಳ ಹೆಕ್ಕಿ ತಿನ್ನುವ ಹಿತ್ತಲ ಕೋಳಿಗೆ ಅಪರೂಪ. ಟೆರೇಸಿನ ಪಂಜರದಲ್ಲಿ ಬರೀ ನುಚ್ಚಕ್ಕಿ ತಿನ್ನಿಸಿ ಬೆಳೆಸಿದ ಮರಿಯಾದರೆ ಮಾತು ಬೇರೆ.

ಈಗ ಮಾಡುವ ಕೆಲಸ: ಹೇಂಟೆಯನ್ನು ಬೇರೆ ಮಂಕರಿಯಲ್ಲಿ, ಒಣ ಹುಲ್ಲಿನ ಮೇಲೆ, ಬೆಚ್ಚಗೆ ಇಡಿ. ನೀರು, ನೆನೆಸಿದ ಮೇವು ಕೊಕ್ಕಿಗೆ ಎಟುಕುವಂತಿರಲಿ. ತೂರಾಡುವ ಕೋಳಿ ರೋಗಕ್ಕಿಂತ ಮೊದಲು ಬಾಯಾರಿಕೆಯಿಂದ ಸಾಯುತ್ತದೆ. ಬಾಯಿಗೆ ನೀರು ಸುರಿಯಬೇಡಿ, ಉಸಿರಿನ ಕೊಳವೆಗೆ ಹೋಗುತ್ತದೆ. ಕೊಕ್ಕಿನ ಅಂಚಿಗೆ ಹನಿ ಹನಿ ಬಿಡಿ. ಬೇರೆ ಇಡುವುದರಿಂದ ಮಾರೆಕ್ ತಡೆಯಬಹುದು ಅಂತಲ್ಲ. ಆ ವೈರಸ್ ಪುಕ್ಕದ ಧೂಳಿನಲ್ಲಿ ಹರಡುತ್ತದೆ, ಮಿಕ್ಕ ಐದೂ ಆಗಲೇ ಅದನ್ನು ಉಸಿರಾಡಿರುತ್ತವೆ. ಬಿದ್ದ ಕೋಳಿಯನ್ನು ಉಳಿದವು ಕುಕ್ಕದಿರಲಿ ಅಂತ ಅಷ್ಟೆ.

ಇವತ್ತೇ ಹಿಕ್ಕೆಯನ್ನು ಒಂದು ಡಬ್ಬಿಯಲ್ಲಿ ಹಾಕಿ, ನಡೆಯುವ ವಿಡಿಯೋ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿ. ಬುಟ್ಟಿಯಲ್ಲಿ ಹೆದರಿ ಮುದುಡಿದ ಕೋಳಿಗಿಂತ ಆ ವಿಡಿಯೋ ವೈದ್ಯರಿಗೆ ಜಾಸ್ತಿ ಹೇಳುತ್ತದೆ. ಅಕಸ್ಮಾತ್ ಹೇಂಟೆ ಸತ್ತರೆ ಹೂಳುವ ಮುಂಚೆ ಅಲ್ಲಿ ಕೇಳಿ. ಐಸ್ ಇಟ್ಟು ಅದೇ ದಿನ ಕೊಟ್ಟರೆ ಕೊಯ್ದು ನೋಡುತ್ತಾರೆ, ಊದಿದ ನರ ಕಣ್ಣಿಗೇ ಕಾಣುವುದುಂಟು. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಒಂದೇ ಸಲಕ್ಕೆ ನಾಲ್ಕೈದು ಸತ್ತರೆ ನೀವು ಮುಟ್ಟದೆ ಮೊದಲು ಆಸ್ಪತ್ರೆಗೆ ತಿಳಿಸಿ, ಅದು ಹಕ್ಕಿಜ್ವರವೂ ಆಗಿರಬಹುದು.

ಮಾರೆಕ್ ಅಂತಲೇ ಗೊತ್ತಾದರೆ, ಮುಂದಿನ ಸಲ ಮರಿ ತರುವಾಗ ಮೊದಲ ದಿನವೇ ಮಾರೆಕ್ ಲಸಿಕೆ ಹಾಕಿದ್ದಾರಾ ಅಂತ ಹ್ಯಾಚರಿಯವರನ್ನು ಕೇಳಿ ತನ್ನಿ. ಮನೆಯ ಹೇಂಟೆಯೇ ಕಾವು ಕೂತು ಮಾಡಿದ ಮರಿಗಳಿಗೆ ಆ ಲಸಿಕೆ ಸಿಗುವುದು ಕಷ್ಟ, ಒಂದು ಸೀಸೆಯೆಂದರೆ ನೂರಾರು ಮರಿಗೆ ಆಗುವಷ್ಟು ಬರುತ್ತದೆ. ಅಂಥ ಮರಿಗಳನ್ನು ತಾಯಿಯ ಜೊತೆಗೆ ಹಳೇ ಗೂಡಿಂದ ದೂರ, ಧೂಳು ಇಲ್ಲದ ಕಡೆ ಕೆಲವು ವಾರ ಬೆಳೆಸಿ.